ದೊಡ್ಡಮ್ಮನ ಬಾಯಿ ತುಂಬ ನೀರು

ಬೇಸಿಗೆ ಬಲಿಯುತ್ತಿತ್ತು. ಕಣದ ಕೆಲಸ ಮುಗಿದು ಹೊಸ ಕಾಳು ಊರೊಳಗೆ ಬರತೊಡಗಿದ್ದರಿಂದ ಹಿಟ್ಟಿನ ಗಿರಣಿ ಬೆಳಗಿನಿಂದಲೇ ಓಡುತ್ತಿತ್ತು. ಗಾಡಿಯವರು ಚೀಲ ಇಳಿಸುವುದು, ಸೊಂಟ ನೆಟ್ಟಗೆ ಮಾಡಿಕೊಳ್ಳುವುದು, ಮತ್ತೆ ಚೀಲಕ್ಕೆ ಬಾಗುವುದು ನಡೆದಿತ್ತು. ಬ್ಯಾರಿಸ್ಟರನ ಕೋಣೆ ಇದೇ ಗಿರಣಿಯ ಮಾಳಿಗೆಯ ಮೇಲೆ. ಕೆಳಗೆ ಕಲ್ಲು ತಿರುಗಿದರೆ ಮೇಲೆ ಮಸಿಕುಡಿಕೆ ಮೇಜಿನ ಅಂಚಿಗೆ ಸರಿಯುತ್ತಿತ್ತು. ಮಾತಾಡುತ್ತಲೇ ಅದನ್ನು ಹಿಂದಕ್ಕೆಳೆದು ಇಡುವುದು ಅವನಿಗೆ ರೂಢಿಯಾಗಿತ್ತು. ಹಲಗೆಯ ಸಂದಿಯಿಂದ ಏಳುವ ಹಿಟ್ಟು ಕೂತು ಕೂತು ಅವನ ಕರಿ ನಿಲುವಂಗಿ ಸುಗ್ಗಿಯುದ್ದಕ್ಕೂ ಬೂದು ಬಣ್ಣದಲ್ಲಿರುತ್ತಿತ್ತು.

ಕೋಣೆಯಲ್ಲಿ ಎರಡು ಕಪಾಟು. ಎಡಗಡೆಯದರಲ್ಲಿ ವ್ಯಾಪಾರದ ತಂಟೆಗಳು: ಪಾಲುದಾರರು ಮುನಿಸಿಕೊಂಡದ್ದು, ಮಾಲು ಮುಗ್ಗಾಗಿ ಬಂದದ್ದು, ಕರಾರು ಮಾಡಿ ಕೈಕೊಟ್ಟದ್ದು. ಬಲಗಡೆಯದರಲ್ಲಿ ಧರ್ಮದತ್ತಿಗಳು: ಯಾರೋ ಪುಣ್ಯಾತ್ಮರು ಸಾಯುವ ಮುಂಚೆ ಬರೆದಿಟ್ಟ ಔಷಧಾಲಯ, ವಾಚನಾಲಯ, ಮುದಿ ಕತ್ತೆಗಳ ಹುಲ್ಲಿನ ಖರ್ಚು. ಎಡಗಪಾಟಿನವರು ಜಗಳವಾಡುತ್ತಲೇ ಮೆಟ್ಟಿಲು ಹತ್ತುತ್ತಿದ್ದರು. ಬಲಗಪಾಟಿನವರು ಕಣ್ಣೊರೆಸಿಕೊಳ್ಳುತ್ತ ಹತ್ತಿ, ಕೂತ ಮೇಲೆ ಜಗಳ ತೆಗೆಯುತ್ತಿದ್ದರು. ಎರಡು ಕಪಾಟಿಗೂ ಸೇರುವಂಥ ದಾವೆ ಅಲ್ಲಿಯ ತನಕ ಬಂದಿರಲಿಲ್ಲ. ಈ ಬೇಸಿಗೆಗೆ ಬಂತು. ಅದೂ ಅವನ ಸ್ವಂತ ದೊಡ್ಡಮ್ಮನದು.

ಗಿರಣಿಯ ಎದುರಿಗೆ ಕೂಡುರಸ್ತೆಯಲ್ಲಿ ದೊಡ್ಡಮ್ಮನ ಅರವಟ್ಟಿಗೆ. ಒಂದು ಮಾಡು, ಮೂರು ಮಣ್ಣಿನ ಗುಡಾಣ, ಒಂದು ಕಲ್ಲಿನ ಜಗಲಿ. ಅವಳ ಅಜ್ಜಿ ಬರೆದಿಟ್ಟ ದತ್ತಿ ಅದು. ಬಾಯಾರಿ ಬಂದವರಿಗೆ ಏನನ್ನೂ ಪಡೆಯದೆ ನೀರು ಕೊಡತಕ್ಕದ್ದು, ಪಡೆದ ದಿನ ಬಾಗಿಲು ಮುಚ್ಚತಕ್ಕದ್ದು ಎಂದು ಪತ್ರದಲ್ಲಿತ್ತು. ದೊಡ್ಡಮ್ಮ ಯಾರಿಂದಲೂ ಕಾಸು ಮುಟ್ಟಿದವಳಲ್ಲ. ಆದರೆ ಲೋಟ ತುಂಬಿ ಕೈಯಲ್ಲೇ ಹಿಡಿದುಕೊಂಡು, ಎಲ್ಲಿಂದ ಬಂದದ್ದು, ಯಾರ ಪೈಕಿ, ಅಮ್ಮನ ಮೊಣಕಾಲು ಹೇಗಿದೆ, ಅಣ್ಣನ ಹೆಂಡತಿ ತವರಿನಿಂದ ಬಂದಳೋ ಇಲ್ಲವೋ ಎಂಬುದನ್ನೆಲ್ಲ ಕೇಳಿ ತಿಳಿದ ಮೇಲೆಯೇ ಲೋಟ ಕೈದಾಟಿಸುತ್ತಿದ್ದಳು. ಕಥೆ ಉದ್ದವಿದ್ದರೆ ನೀರು ಬೆಚ್ಚಗಾಗುತ್ತಿತ್ತು.

ಪಕ್ಕದಲ್ಲೇ ಸೋಡಾ ಸಾಹುಕಾರ ಹೊಸದಾಗಿ ಅಂಗಡಿ ಇಟ್ಟಿದ್ದ. ಆ ಕೂಡುರಸ್ತೆಯಲ್ಲಿ ಕುಡಿಯುವ ಪದಾರ್ಥ ಮಾರುವ ಹಕ್ಕು ತನ್ನೊಬ್ಬನದೇ ಎಂದು ಸಂತೆ ಕಮಿಟಿಯಿಂದ ಕರಾರು ಬರೆಸಿಕೊಂಡಿದ್ದ. ಬಾಟಲಿಗಳು ಸಾಲಾಗಿ ಹೊಳೆಯುತ್ತಿದ್ದವು, ಗಿರಾಕಿಗಳು ಮಾತ್ರ ಜಗಲಿಯ ಮೇಲಿದ್ದರು. ಅವನು ವಕೀಲನನ್ನು ಹಿಡಿದು ದಾವೆ ಹೂಡಿದ. ಅರವಟ್ಟಿಗೆಯಲ್ಲಿ ನಡೆಯುವುದು ದಾನವಲ್ಲ, ವ್ಯಾಪಾರ. ಇಲ್ಲಿ ಸುದ್ದಿಯೇ ಬೆಲೆ. ಆದ್ದರಿಂದ ಬಾಗಿಲು ಮುಚ್ಚಿಸಬೇಕು ಎಂಬುದು ಅವರ ವಾದ.

ಬ್ಯಾರಿಸ್ಟರ ಇದನ್ನು ಓದಿ ನಕ್ಕುಬಿಡಬಹುದಿತ್ತು. ನಗು ಬರಲಿಲ್ಲ. ಹಿಂದಿನ ವರ್ಷ ಗಾಣದವನೊಬ್ಬ, ನಿನ್ನ ನಾಯಿ ರಾತ್ರಿ ಬೊಗಳದಂತೆ ನೋಡಿಕೊಂಡರೆ ಹಿಂಡಿ ಕೊಡುತ್ತೇನೆಂದು ನೆರೆಯವನಿಗೆ ಮಾತು ಕೊಟ್ಟು ತಪ್ಪಿದ್ದ. ಬೆಲೆಯೆಂದರೆ ಹಣವೇ ಆಗಬೇಕಿಲ್ಲ, ನಾಯಿ ಸುಮ್ಮನಿರುವುದೂ ಬೆಲೆಯೇ ಎಂದು ನೆರೆಯವನ ಪರ ಮೇಜು ಗುದ್ದಿ ವಾದಿಸಿ ಗೆದ್ದವನು ಇವನೇ. ಆ ತೀರ್ಪನ್ನೇ ಎದುರು ವಕೀಲ ಈಗ ಕೆಂಪು ದಾರ ಕಟ್ಟಿ ಹಾಜರುಪಡಿಸಿದ್ದ. ನಾಯಿ ಸುಮ್ಮನಿರುವುದು ಬೆಲೆಯಾದರೆ ಮನುಷ್ಯ ಮಾತಾಡುವುದು ಯಾಕಾಗಬಾರದು ಎಂದು ಕೇಳಿದ್ದ. ನ್ಯಾಯಾಧೀಶರು ಗಲ್ಲ ಉಜ್ಜಿಕೊಂಡು, ತಾವೇ ಬಂದು ಒಂದು ಹೊತ್ತು ಕೂತು ನೋಡುವುದಾಗಿ ಹೇಳಿದ್ದರು.

ಅವರು ಬರುವ ಮುನ್ನಾದಿನ ಬ್ಯಾರಿಸ್ಟರ ದೊಡ್ಡಮ್ಮನಿಗೆ ಬುದ್ಧಿ ಹೇಳಿದ. ನಾಳೆ ಒಂದು ಹೊತ್ತು ಬಾಯಿ ಬಿಡಬಾರದು. ನೀರು ಎತ್ತು, ಕೊಡು, ಅಷ್ಟೇ.

"ಬಂದೋರನ್ನ ಹೇಗಿದ್ದೀಯಪ್ಪಾ ಅಂತಾನೂ ಕೇಳಬಾರದಾ?"

"ಕೇಳಬಾರದು ದೊಡ್ಡಮ್ಮ. ಕೇಳಿದರೆ ಬೀಗ ಹಾಕ್ತಾರೆ."

"ನಾನೇನು ನಲ್ಲಿಯೇನೋ, ಮುಖ ನೋಡದೆ ನೀರು ಬಿಡೋಕೆ" ಎಂದು ಅವಳು ಗೊಣಗಿದಳು. ಗುಡಾಣಗಳ ಹೊಟ್ಟೆ ಸವರಿದಳು. ಬೀಗದ ಮಾತು ನಾಟಿತ್ತು. ತನ್ನ ನಾಲಿಗೆಯ ಮೇಲೆ ತನಗೇ ನಂಬಿಕೆಯಿಲ್ಲವೆಂದೂ, ಅದಕ್ಕೊಂದು ಉಪಾಯ ತಾನೇ ಮಾಡಿಕೊಳ್ಳುವುದಾಗಿಯೂ ಹೇಳಿ ಅವನನ್ನು ಕಳಿಸಿದಳು.

ಮಾರನೆಯ ದಿನ ನ್ಯಾಯಾಧೀಶರು ಕೊಡೆ ಹಿಡಿದು ಬಂದು ಜಗಲಿಯ ತುದಿಯಲ್ಲಿ ಕೂತರು. ಈ ಪಕ್ಕ ಬ್ಯಾರಿಸ್ಟರ, ಆ ಪಕ್ಕ ಎದುರು ವಕೀಲ, ಅವನ ಬೆನ್ನಿಗೆ ಸೋಡಾ ಸಾಹುಕಾರ. ದೊಡ್ಡಮ್ಮ ಗುಡಾಣದ ಬಳಿ ನೆಟ್ಟಗೆ ಕೂತಿದ್ದಳು. ಕೆನ್ನೆಗಳೆರಡೂ ಉಬ್ಬಿದ್ದವು. ಬ್ಯಾರಿಸ್ಟರನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು: ಮಾತು ಹೊರಡದಿರಲೆಂದು ಅವಳು ಬಾಯಿ ತುಂಬ ನೀರು ತುಂಬಿಕೊಂಡಿದ್ದಳು.

ಮೊದಲು ಬಂದವನು ಗಾಡಿಯವನು. ಲೋಟ ತಕ್ಷಣ ಕೈಗೆ ಬಂದದ್ದನ್ನು ಕಂಡು ಅವನು ಬೆಚ್ಚಿದ. ನೀರನ್ನು ನೋಡಿದ, ದೊಡ್ಡಮ್ಮನ ಮುಖ ನೋಡಿದ, ಲೋಟ ಕೆಳಗಿಟ್ಟ. ಹಲ್ಲುನೋವೇ ಎಂದು ಕೇಳಿದ. ಅವಳು ಕಣ್ಣಗಲಿಸಿ ತಲೆಯಾಡಿಸಿದಳು. ಆಮೇಲೆ ಬಂದ ಹಮಾಲರಿಬ್ಬರೂ ಕುಡಿಯಲಿಲ್ಲ. ತಮ್ಮ ಮೇಲೆ ಏನು ಸಿಟ್ಟು ಎಂದು ಕೇಳುತ್ತ ನಿಂತರು. ಬಟ್ಟೆ ಒಗೆಯುವವಳು ಬಂದು, ಕೇಳದಿದ್ದರೂ ತನ್ನ ಮಗಳ ಹೆರಿಗೆಯ ಸಮಾಚಾರವನ್ನು ಮೊದಲಿನಿಂದ ಕೊನೆಯ ತನಕ ಒಪ್ಪಿಸಿದಳು. ಕೂಸು ಹೆಣ್ಣೋ ಗಂಡೋ ಎಂಬುದನ್ನು ಮಾತ್ರ ಮರೆತು ಮುಂದಕ್ಕೆ ಹೋದಾಗ ದೊಡ್ಡಮ್ಮನ ಕುತ್ತಿಗೆಯ ನರ ಉಬ್ಬಿ ಬಂತು. ಗುಂಪು ಬೆಳೆಯಿತು. ಇಟ್ಟ ಲೋಟಗಳು ಸಾಲಾಗಿ ನಿಂತವು, ಒಂದೂ ಖಾಲಿಯಾಗಲಿಲ್ಲ.

ಎದುರು ವಕೀಲ ಮೆಲ್ಲಗೆ ಬಾಗಿ, ಈ ದತ್ತಿಯ ನೀರು ಯಾರಿಗೂ ಬೇಡವಾಗಿರುವುದನ್ನು ಗಮನಿಸಬೇಕು ಎಂದ. ಬ್ಯಾರಿಸ್ಟರ ತುಂಬಿದ ಲೋಟಗಳನ್ನು ಎಣಿಸಿದ. ಸುದ್ದಿ ತೆಗೆದುಕೊಂಡರೆ ವ್ಯಾಪಾರ, ತೆಗೆದುಕೊಳ್ಳದಿದ್ದರೆ ಕುಡಿಯುವವರೇ ಇಲ್ಲ. ಅರವಟ್ಟಿಗೆಯ ಕತ್ತನ್ನು ತಾನೇ ಹಿಸುಕಿದಂತಾಯಿತು.

ಬಿಸಿಲು ಜಗಲಿಯ ಮೇಲಕ್ಕೆ ಹತ್ತಿತು. ನ್ಯಾಯಾಧೀಶರಿಗೆ ಬಾಯಾರಿತು. ಸಾಲಿನಿಂದ ಒಂದು ಲೋಟ ಎತ್ತಿ ಗಟಗಟ ಕುಡಿದರು. ಕುಡಿದು ಮುಖ ಹಿಂಡಿ, ದೊಡ್ಡಮ್ಮನ ಕೆನ್ನೆಯ ಕಡೆಗೊಮ್ಮೆ ನೋಡಿ, ಯಾರೂ ಕೇಳದೆಯೇ ಹೇಳತೊಡಗಿದರು. ತಮಗೂ ಹೀಗೇ ದವಡೆ ಊದಿಕೊಂಡಿದೆ, ತಣ್ಣನೆಯದು ತಗಲಿದರೆ ಮಿದುಳಿನ ತನಕ ಹೊಡೆಯುತ್ತದೆ, ಮನೆಯಲ್ಲಿ ಹೇಳಿದರೆ ಕೀಳಿಸಿ ಎನ್ನುತ್ತಾರೆ, ಇಕ್ಕಳ ಕಂಡರೆ ತಮಗೆ ಚಿಕ್ಕಂದಿನಿಂದಲೂ ಭಯ. ನೂರಾರು ಜನರಿಗೆ ಶಿಕ್ಷೆ ಕೊಟ್ಟಿದ್ದೇನೆ, ಇದೊಂದು ಹಲ್ಲಿಗೆ ಕೊಡಲಾಗುತ್ತಿಲ್ಲ ಎಂದಾಗ ಅವರ ಧ್ವನಿ ಸಣ್ಣಗಾಗಿತ್ತು.

ಗುಳಕ್ಕೆಂದು ಸದ್ದಾಯಿತು. ದೊಡ್ಡಮ್ಮ ನೀರು ನುಂಗಿದ್ದಳು.

"ಮೇಲಿಂದಾ, ಕೆಳಗಿಂದಾ?"

ಎದುರು ವಕೀಲ ಹಾರಿ ನಿಂತು, ಕೇಳಿದಳು, ಬೆಲೆ ಕೇಳಿದಳು ಎಂದು ಬೆರಳು ಚಾಚಿದ. ಬ್ಯಾರಿಸ್ಟರ ಕಣ್ಣು ಮುಚ್ಚಿಕೊಂಡ. ನ್ಯಾಯಾಧೀಶರು ಇಬ್ಬರನ್ನೂ ನೋಡಲಿಲ್ಲ.

"ಕೆಳಗಿಂದು" ಎಂದರು. "ಬಲಗಡೆ."

ಆಮೇಲೆ ದೊಡ್ಡಮ್ಮ ತಡೆಹಿಡಿದದ್ದೆಲ್ಲ ಒಟ್ಟಿಗೆ ಹರಿಯಿತು. ಉಪ್ಪುನೀರು ಮುಕ್ಕಳಿಸುವ ಬಗೆ ಹೇಳಿದಳು, ಬಟ್ಟೆ ಒಗೆಯುವವಳ ಕೂಸು ಗಂಡೆಂದು ತಿಳಿದುಕೊಂಡಳು, ಹಮಾಲರಿಗೆ ಸಿಟ್ಟಿಲ್ಲವೆಂದು ಸಮಾಧಾನ ಮಾಡಿದಳು. ಸಾಲಿನ ಲೋಟಗಳೆಲ್ಲ ಖಾಲಿಯಾದವು. ಗುಂಪಿನ ನಡುವೆ ಸೋಡಾ ಸಾಹುಕಾರನೂ ಒಂದನ್ನು ಎತ್ತಿದ್ದ, ಬಿಸಿಲು ಹಾಗಿತ್ತು.

ತೀರ್ಪಿನ ದಿನ ನ್ಯಾಯಾಧೀಶರ ಕೆನ್ನೆ ಇಳಿದಿತ್ತು. ಬೆಲೆಯೆಂದರೆ ಕೊಡುವವನಿಗೆ ಅದು ನಷ್ಟವಾಗಬೇಕು. ಈ ಜಗಲಿಯ ಮೇಲೆ ಸುದ್ದಿ ಹೇಳಿದವರೆಲ್ಲ ಹಗುರಾಗಿ ಎದ್ದು ಹೋದದ್ದನ್ನು ನಾವು ಕಂಡಿದ್ದೇವೆ, ಅವರಲ್ಲಿ ಒಬ್ಬರನ್ನು ಬಹಳ ಹತ್ತಿರದಿಂದ ಬಲ್ಲೆವು ಎಂದು ಓದಿದರು. ನಾಯಿಯ ಪ್ರಶ್ನೆ ಬೇರೆ. ಬೊಗಳದಿರುವುದು ನಾಯಿಗೆ ಕಷ್ಟ. ದಾವೆ ವಜಾ. ಆದರೆ ಇನ್ನು ಮುಂದೆ ಲೋಟ ಮೊದಲು, ಪ್ರಶ್ನೆ ಆಮೇಲೆ.

ಆ ಸಂಜೆ ಬ್ಯಾರಿಸ್ಟರ ಗೆದ್ದ ಉತ್ಸಾಹದಲ್ಲಿ ಜಗಲಿಗೆ ಬಂದು ಕೂತ. ಗಿರಣಿ ನಿಂತಿತ್ತು. ದೊಡ್ಡಮ್ಮ ಆಜ್ಞೆಯ ಪ್ರಕಾರ ಲೋಟ ಮೊದಲು ಕೊಟ್ಟಳು. ಅವನು ಕುಡಿದಾದ ಮೇಲೆ ಮಾಡಿನ ಕಂಬಕ್ಕೆ ಒರಗಿ, ಆ ಜವಳಿ ಅಂಗಡಿಯ ಅಣ್ಣತಮ್ಮಂದಿರು ಪಾಲು ಮುರಿದುಕೊಂಡದ್ದು ಯಾಕೆ ಎಂದು ಕೇಳಿದಳು. ಇಡೀ ಊರಿಗೆ ಬೇಕಾಗಿದ್ದ ಸುದ್ದಿ ಅದು, ಎಡಗಪಾಟಿನ ಮೂರನೆಯ ಅಂತಸ್ತಿನಲ್ಲಿತ್ತು.

"ಅದು ಕಕ್ಷಿದಾರರ ಗುಟ್ಟು, ದೊಡ್ಡಮ್ಮ."

"ನೀನು ಕರಿ ಅಂಗಿ ತೊಟ್ಟಾಗಿನಿಂದ ಇದನ್ನೇ ಹೇಳಿ ನನ್ನ ನೀರು ಕುಡೀತಿದ್ದೀಯ. ನಿನ್ನ ಮಾತಿಗೆ ಅಂತ ಒಂದು ಹೊತ್ತು ಬಾಯಲ್ಲಿ ನೀರು ಹಿಡ್ಕೊಂಡು ಕೂತೆನಲ್ಲೋ. ನನ್ನ ಋಣ ಇಲ್ವಾ ನಿನ್ನ ಮೇಲೆ?"

ಋಣ ಖಂಡಿತ ಇದೆ, ಆದರೆ ಕಸುಬಿನ ನೀತಿ ಬಿಡುವಂತಿಲ್ಲ ಎಂದು ಅವನು ಹೇಳಿ, ಇನ್ನೊಂದು ಲೋಟಕ್ಕೆ ಕೈ ಚಾಚಿದ. ದೊಡ್ಡಮ್ಮ ಗುಡಾಣದ ಮೇಲೆ ಮುಚ್ಚಳ ಎಳೆದಳು. ನ್ಯಾಯಾಧೀಶರು ಹೇಳಿದ್ದು ಮೊದಲನೆಯ ಲೋಟದ ವಿಚಾರ, ಎರಡನೆಯದರ ಬಗ್ಗೆ ತೀರ್ಪಿನಲ್ಲಿ ಏನೂ ಇಲ್ಲವೆಂದಳು. ಬ್ಯಾರಿಸ್ಟರ ಯೋಚಿಸಿ ನೋಡಿದ. ಇರಲಿಲ್ಲ.

ಅವನು ಎದ್ದು ಪಕ್ಕದ ಸೋಡಾ ಅಂಗಡಿಗೆ ಹೋದ. ಸಾಹುಕಾರ ಸೋತ ಸಿಟ್ಟು ತೋರಿಸದೆ ಬಾಟಲಿ ತೊಳೆದು, ಗೋಲಿ ಒತ್ತಿ, ನೊರೆ ಇಳಿಯುವ ತನಕ ಕಾದ. ಆಮೇಲೆ ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು, ಇನ್ನೂ ರೂಢಿಯಾಗದ ನಗು ಒಂದನ್ನು ಮುಖದ ಮೇಲೆ ತಂದುಕೊಂಡು ಕೇಳಿದ:

"ಅಮ್ಮನ ಮೊಣಕಾಲು ಹೇಗಿದೆ ಸ್ವಾಮೀ? ಹಾಂ, ಅಂದಹಾಗೆ, ಆ ಜವಳಿ ಅಂಗಡಿಯವರದ್ದು ಏನಾಯ್ತು?"

ಬ್ಯಾರಿಸ್ಟರ ಬಾಟಲಿ ನೋಡಿದ, ನೊರೆ ನೋಡಿದ, ಮುಚ್ಚಿದ ಗುಡಾಣ ನೋಡಿದ. ಒಣಗಿದ ತುಟಿ ಸವರಿಕೊಂಡು ಮಾಳಿಗೆಯ ಮೆಟ್ಟಿಲ ಕಡೆ ನಡೆದ.

"ಬಾಕಿ ಇದೆ, ನೆನಪಿರಲಿ" ಎಂದು ದೊಡ್ಡಮ್ಮ ಹಿಂದಿನಿಂದ ಹೇಳಿದಳು.