ದೂರದ ಲೆನ್ಸು

ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿದ ಮರುದಿನ ಬೆಳಿಗ್ಗೆ ಅತ್ತೆ ಮೊರವನ್ನು ಮಡಿಲಿಗೆ ಎಳೆದುಕೊಂಡು ಜಗಲಿಯಲ್ಲಿ ಬೀಡಿ ಕಟ್ಟಲು ಕುಳಿತರು. ಬಾಡಿಗೆಯ ಕುರ್ಚಿಗಳು ಹೋಗಿದ್ದವು. ಅಂಗಳ ಎಂದಿನಷ್ಟೇ ಇತ್ತು.

ಒಂಬತ್ತಕ್ಕೆ ಮೂಡುಬಿದಿರೆಯ ಕಣ್ಣಾಸ್ಪತ್ರೆಯಿಂದ ಫೋನ್ ಬಂತು. ಗುರುವಾರ ಅತ್ತೆಗೆ ಪೊರೆಯ ಆಪರೇಷನ್. ಯಾವ ಲೆನ್ಸ್ ಎಂದು ನಿಮ್ಮ ಗಂಡ ಲತೇಶ್ ಇನ್ನೂ ತಿಳಿಸಿಲ್ಲ ಎಂದಳು ನರ್ಸ್. ಅವರು ತೀರಿಕೊಂಡರು ಎಂದೆ. ಸಂಜೆಯೊಳಗೆ ಹೇಳಿದರೆ ಸಾಕು ಎಂದಳು.

ಅತ್ತೆಗೆ ಇರುವುದು ಬಲಗಣ್ಣೊಂದೇ. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿದೆ. ಒಮ್ಮೆ ಒಳಗೆ ಕೂರಿಸಿದ ಲೆನ್ಸ್ ಜೀವಮಾನಕ್ಕೆ. ದೂರಕ್ಕೆ ಹೊಂದಿಸಿದ್ದಾದರೆ ಹತ್ತಿರದ್ದನ್ನು ನೋಡಲು ಕನ್ನಡಕ ಬೇಕು, ಹತ್ತಿರಕ್ಕೆ ಹೊಂದಿಸಿದ್ದಾದರೆ ದೂರದ್ದಕ್ಕೆ. ಎರಡನ್ನೂ ತೋರಿಸುವ ಲೆನ್ಸೂ ಇದೆ. ದೀಪಗಳ ಸುತ್ತ ಬಳೆಗಳು ಕಾಣಬಹುದು, ಇವರಿಗೆ ಬೇಡ ಎಂದಿದ್ದರು ಡಾಕ್ಟರು.

ಲತೇಶ್ ಪುಂಜಾಲಕಟ್ಟೆಯ ನೌಫಲನ ಕನ್ನಡಕದ ಅಂಗಡಿಯಿಂದ ಕಣ್ಣು ಪರೀಕ್ಷೆಯ ಫ್ರೇಮನ್ನು ಕೇಳಿ ತಂದಿದ್ದರು. ಹತ್ತಿರ ಮಾತ್ರ ಕಾಣುವ ಗಾಜು ಹಾಕಿ, ಒಂದಿಡೀ ಭಾನುವಾರ ತಾವೇ ಧರಿಸಿ ಓಡಾಡಿದರು. ಬಾಗಿಲಿಗೆ ಹಣೆ ಬಡಿದುಕೊಂಡರು. ಬೀಡಿ ಕಟ್ಟುವ ಅಮ್ಮನಿಗೆ ಇದೇ ಸರಿ ಎಂದರು. ಅತ್ತೆ ಒಪ್ಪಲಿಲ್ಲ. ಮಗನ ಬೈಕ್ ತಿರುವಿನಲ್ಲಿ ಬರುವುದು ಅವರಿಗೆ ಕಾಣಬೇಕಿತ್ತು.

ಆ ವಾರವೇ ಬೈಕ್ ಲಾರಿಯಡಿಗೆ ಹೋಯಿತು.

ಈಗ ಅತ್ತೆಯನ್ನು ಕೇಳಿದೆ.

"ಹತ್ತಿರದ್ದೇ ಹಾಕ್ಲಿ. ದೂರದಿಂದ ಇನ್ನು ಯಾರು ಬರ್ಲಿಕ್ಕುಂಟು?" ಎಂದರು. ಆಮೇಲೆ, "ನಿನ್ನ ಅಣ್ಣ ಭಾನುವಾರ ಬರ್ತೇನೆ ಅಂದಿದ್ದಾನಲ್ಲ, ಕರ್ಕೊಂಡು ಹೋಗ್ಲಿಕ್ಕೆ."

ನನ್ನ ತವರು ಬೆಳ್ತಂಗಡಿ. ಒಳಗೆ ಹೋಗಿ ಲತೇಶ್ ತಂದಿಟ್ಟಿದ್ದ ಫ್ರೇಮ್ ಹಾಕಿಕೊಂಡೆ. ಅಂಗೈಯ ಗೆರೆಗಳು ಸ್ಪಷ್ಟವಾಗಿದ್ದವು. ಜಗಲಿಯಲ್ಲಿದ್ದ ಅತ್ತೆಗೆ ಮುಖವೇ ಇರಲಿಲ್ಲ. ಹತ್ತಿರದ ಲೆನ್ಸ್ ಹಾಕಿಸಿದರೆ ಅಲ್ಲಿಂದ ಅವರಿಗೆ ನಾನೂ ಹೀಗೆಯೇ ಕಾಣುತ್ತೇನೆ.

ತೆಗೆದು ನೋಡಿದೆ. ಅವರ ಬೆರಳುಗಳು ಎಲೆ ಸುತ್ತಿ, ತುದಿ ಮಡಚಿ, ನೂಲು ಕಟ್ಟುತ್ತಿದ್ದವು. ಒಮ್ಮೆಯೂ ಅವರು ಮೊರದ ಕಡೆ ನೋಡಲಿಲ್ಲ. ಮಂಜಾದ ಆ ಕಣ್ಣು ಗೇಟಿನ ಕಡೆಗಿತ್ತು.

"ಬೀಡಿ ಸುತ್ತಲಿಕ್ಕೆ ನಿಮಗೆ ಕಣ್ಣು ಬೇಡ ಅತ್ತೆ. ದೂರದ್ದು ಹಾಕಿಸುವ."

"ಏನು ನೋಡ್ಲಿಕ್ಕೆ?"

"ಸೋಮವಾರದಿಂದ ನನಗೆ ಪುನಃ ಬಂಟ್ವಾಳಕ್ಕೆ ಹೋಗ್ಲಿಕ್ಕುಂಟು, ಕಾಲೇಜಿನ ಕೆಲಸಕ್ಕೆ. ಸಂಜೆ ಐದೂವರೆಯ ಬಸ್ಸಲ್ಲಿ ಬರ್ತೇನೆ."

ಅವರು ಎರಡು ಬೀಡಿ ಕಟ್ಟಿದರು. "ಎಲೆ ಕತ್ತರಿಸ್ಲಿಕ್ಕೆ ಕನ್ನಡಕ ಬೇಕಾಗ್ತದೆ."

"ತರುವ."

ಆಸ್ಪತ್ರೆಗೆ ಹೇಳಿದೆ. ಅಣ್ಣನಿಗೂ ಬರುವುದು ಬೇಡ ಎಂದೆ. ಅದು ಅತ್ತೆಯ ಮೇಲಿನ ಪ್ರೀತಿಯೋ ಏನೋ ತಿಳಿಯದು. ಎಲ್ಲಿಗೂ ಹೋಗಲು ಮನಸ್ಸಿರಲಿಲ್ಲ.

ಮಧ್ಯಾಹ್ನ ನೌಫಲನ ಅಂಗಡಿಗೆ ಹೋಗಿ ಫ್ರೇಮ್ ಕೊಟ್ಟೆ. ಇಷ್ಟು ಅವಸರವೇನಿತ್ತು ಅಕ್ಕ ಎಂದ. ಬಲಗಡೆಯ ಗಾಜಿನ ಮೇಲೆ ಹೆಬ್ಬೆರಳಿನ ಗುರುತೊಂದಿತ್ತು. ನಾನು ಹಿಡಿದದ್ದು ಅಂಚನ್ನು ಮಾತ್ರ; ನನಗಿಂತ ಮೊದಲು ಅದನ್ನು ಮುಟ್ಟಿದ್ದು ಲತೇಶ್. ನೌಫಲ್ ಅಭ್ಯಾಸದಂತೆ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಗಾಜನ್ನು ಪೆಟ್ಟಿಗೆಯಲ್ಲಿ ಅದರ ಜಾಗದಲ್ಲಿಟ್ಟ.