ಸಚಿವರು ಹಾಕದ ವೋಟು

ಲೋಕೋಪಯೋಗಿ ಸಚಿವರಿಗೆ ಸದನದಲ್ಲಿ 'ನೋಡೋಣ' ಎಂದೇ ಹೆಸರು ಬಿದ್ದಿತ್ತು. ರಸ್ತೆ ಕುಸಿದರೂ ನೋಡೋಣ, ಸೇತುವೆ ಬಿರುಕು ಬಿಟ್ಟರೂ ನೋಡೋಣ. ದೊಡ್ಡಾಸ್ಪತ್ರೆಯ ಲಿಫ್ಟು ಹಗ್ಗ ಕಿತ್ತುಕೊಂಡು ಬಿದ್ದು, ಒಳಗಿದ್ದ ಆಯಾ ಸತ್ತಾಗಲೂ ಅವರ ಉತ್ತರ ಬೇರೆಯಾಗಲಿಲ್ಲ. ಅದನ್ನೂ ಅವರು ಎದ್ದು ನಿಂತು ಹೇಳಲಿಲ್ಲ. ಅಧಿಕಾರಿ ಬರೆದುಕೊಟ್ಟ ಎರಡು ಸಾಲನ್ನು ಸದನದ ಮೇಜಿನ ಮೇಲೆ ಇಡಿಸಿ ಸುಮ್ಮನಾದರು.

ಆ ಆಯಾಳ ಜೊತೆ ಒಂದೇ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದಿದ್ದ ನರ್ಸು ಈಗ ವಿರೋಧ ಪಕ್ಷದ ಸದಸ್ಯೆ. ಸಭಾಧ್ಯಕ್ಷರೂ ಸೇರಿದಂತೆ ಎಲ್ಲರೂ ಆಕೆಯನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಆಯಾಳ ಮಗಳು ಆಕೆಯನ್ನು ಕೇಳಿದ್ದು ಒಂದೇ ಮಾತು: "ದುಡ್ಡು ಕೊಟ್ರು, ಸರಿ. ಯಾಕೆ ಬಿತ್ತು ಅಂತ ಯಾರಾದ್ರೂ ಹೇಳ್ತಾರಾ ಸಿಸ್ಟರ್?"

ಅದಕ್ಕೇ ಆಕೆ ಮಸೂದೆ ತಂದದ್ದು. ಇಲಾಖೆಯ ಬೇಜವಾಬ್ದಾರಿಯಿಂದ ಜೀವ ಹೋದರೆ, ಆ ಇಲಾಖೆಯ ಸಚಿವರೇ ಸದನದಲ್ಲಿ ನಿಂತು ಉತ್ತರ ಕೊಡಬೇಕು. ಚೀಟಿ ಕಳಿಸುವಂತಿಲ್ಲ.

ಮತಕ್ಕೆ ಹಾಕುವ ದಿನ ಬೆಳಿಗ್ಗೆಯಿಂದಲೇ ಚರ್ಚೆ ಕಾವೇರಿತ್ತು.

"ಲಿಫ್ಟಿನ ಹಗ್ಗ ಸವೆದ್ರೆ ಸಚಿವರು ಹೋಗಿ ಗಂಟು ಹಾಕ್ಬೇಕಾ?" ಎಂದು ಆಡಳಿತ ಪಕ್ಷದವರೊಬ್ಬರು ಕೇಳಿದರು. ಅರ್ಧ ಸದನ ನಕ್ಕಿತು.

"ಗಂಟು ಬೇಡ ಸ್ವಾಮಿ, ಯಾಕೆ ಸವೀತು ಅಂತ ಹೇಳಲಿ ಸಾಕು," ಎಂದಳು ಸಿಸ್ಟರ್. "ಒಂದು ಇಂಜೆಕ್ಷನ್ ತಪ್ಪಾದ್ರೆ ನಾನು ರೋಗಿಯ ಮನೆಯವರ ಮುಂದೆ ಹೋಗಿ ನಿಲ್ತಿದ್ದೆ."

ನೋಡೋಣ ಸಚಿವರು ಕೂತಲ್ಲಿಂದಲೇ ಗೊಣಗಿದರು: "ನನ್ನ ಇಲಾಖೆಯಲ್ಲಿ ಸಾವಿರಾರು ಜನ ಇದ್ದಾರೆ. ಎಲ್ಲರ ತಪ್ಪಿಗೂ ನನ್ನ ಕುತ್ತಿಗೆನಾ ಸಿಸ್ಟರ್?"

"ಕುತ್ತಿಗೆ ನಿಮ್ಮ ಹತ್ರಾನೇ ಇರಲಿ ಸರ್. ಸ್ವಲ್ಪ ಬಾಯಿ ಬಿಡಿ."

ಈ ಸಲ ಉಳಿದರ್ಧ ಸದನ ನಕ್ಕಿತು. ಸಭಾಧ್ಯಕ್ಷರು ಊಟಕ್ಕೆ ಬಿಟ್ಟರು.

ಸಿಸ್ಟರ್ ಮೊಗಸಾಲೆಗೆ ಬಂದು ನೋಡಿದರೆ ಫೋನಿನಲ್ಲಿ ಪಕ್ಕದ ಮನೆಯಾಕೆಯ ಕರೆಗಳು ಸಾಲಾಗಿದ್ದವು, ಕೊನೆಗೊಂದು ಮೆಸೇಜು: ಅಪ್ಪನಿಗೆ ಕರುಳು ತಿರುಚಿಕೊಂಡಿದೆ, ದೊಡ್ಡಾಸ್ಪತ್ರೆಗೆ ಸೇರಿಸಿದ್ದೇವೆ, ಈಗಲೇ ಆಪರೇಷನ್ ಆಗಬೇಕಂತೆ, ಬೇಗ ಬಾ. ಅಮ್ಮ ಹೋಗಿ ಬಹಳ ಕಾಲವಾಗಿತ್ತು. ಅಪ್ಪನಿಗೆ ಇವಳೊಬ್ಬಳೇ ಮಗಳು.

ಅವಳ ಪಕ್ಷದ ಸಚೇತಕ, ಅಂದರೆ ವೋಟಿನ ಹೊತ್ತಿಗೆ ತಲೆ ಎಣಿಸಿ ಎಲ್ಲರನ್ನೂ ಒಳಗೆ ತಳ್ಳುವ ಮನುಷ್ಯ, ತಲೆಯ ಮೇಲೆ ಕೈ ಹೊತ್ತುಕೊಂಡ. "ಅವರ ಕಡೆಯ ನಾಲ್ಕೈದು ಜನರ ಕಾಲು ಹಿಡಿದು ನಮ್ಮ ಕಡೆ ಮಾಡ್ಕೊಂಡಿದೀನಮ್ಮ. ಒಂದೇ ಒಂದು ವೋಟಿನ ಮೇಲೆ ನಿಂತಿದೆ. ನೀನು ಹೋದ್ರೆ ಸಮ ಆಗುತ್ತೆ. ಸಮ ಆದ್ರೆ ಸಭಾಧ್ಯಕ್ಷರ ವೋಟು ಸರ್ಕಾರದ ಕಡೆ."

ಕೈ ಒರೆಸಿಕೊಳ್ಳುತ್ತ ಆ ದಾರಿಯಾಗಿ ಬಂದ ನೋಡೋಣ ಸಚಿವರಿಗೆ ಆಕೆಯ ಮುಖ ಕಂಡಿತು. "ಏನಾಯ್ತು ಸಿಸ್ಟರ್?"

ಹೇಳಿದಳು. ಹೇಳಬಾರದು ಎಂದು ಸಚೇತಕ ಕಣ್ಸನ್ನೆ ಮಾಡುತ್ತಲೇ ಇದ್ದ.

"ಹೊರಡಿ ಮತ್ತೆ. ನಾನು ಜೋಡಿ ಆಗ್ತೀನಿ."

ಜೋಡಿ ಎಂಬುದು ಸದನದ ಹಳೆಯ ರೂಢಿ. ಒಂದು ಕಡೆಯವರು ಕಷ್ಟಕ್ಕೆ ಸಿಕ್ಕಿ ಬರಲಾಗದಿದ್ದರೆ, ಎದುರು ಕಡೆಯವರೊಬ್ಬರು ತಾವೂ ವೋಟು ಹಾಕದೆ ಹೊರಗೆ ಉಳಿಯುತ್ತಾರೆ, ವೋಟಿನ ಅಂತರ ಹಾಗೇ ಇರುತ್ತದೆ. ಇದು ಬಾಯಿಮಾತಿನ ಒಪ್ಪಂದ. ಮುರಿದವರಿಗೆ ಶಿಕ್ಷೆಯಿಲ್ಲ, ಇತ್ತೀಚೆಗೆ ಮುರಿದವರೇ ಹೆಚ್ಚು.

ಅವರು ಅತ್ತ ಹೋದ ಮೇಲೆ ಸಚೇತಕ ಹಲ್ಲು ಕಡಿದ. "ಈ ಮಸೂದೆ ಪಾಸಾದ್ರೆ ಮೊದಲು ಕಟಕಟೆ ಹತ್ತೋನೇ ಅವನು. ಅವನನ್ನ ನಂಬ್ತೀಯಾ?"

"ನಂಬಿಕೆ ಇಲ್ಲ ಅಣ್ಣ. ಅಪ್ಪ ಇದಾರೆ," ಎಂದು ಆಕೆ ಆಟೋ ಹಿಡಿದಳು.

ಆಸ್ಪತ್ರೆಯಲ್ಲಿ ಲಿಫ್ಟಿನ ಬಾಯಿಗೆ ಈಗಲೂ ಹಲಗೆ ಹೊಡೆದಿತ್ತು. ನಾಲ್ಕು ಜನ ಅಪ್ಪನನ್ನು ಸ್ಟ್ರೆಚರಿನ ಸಮೇತ ಮೆಟ್ಟಿಲಲ್ಲಿ ಹೊತ್ತೊಯ್ಯುತ್ತಿದ್ದರು. ತಿರುವಿನಲ್ಲಿ ಸ್ಟ್ರೆಚರು ವಾಲಿದಾಗಲೆಲ್ಲ ಆಕೆ ಕೆಳಗಿನಿಂದ ಭುಜ ಕೊಟ್ಟಳು. ಅಪ್ಪ ಜೀವಮಾನವಿಡೀ ದರ್ಜಿ. ನೋವಿನಲ್ಲೂ ಬಾಯಿ ಸುಮ್ಮನಿರಲಿಲ್ಲ.

"ವೋಟು ಬಿಟ್ಟು ಬಂದ್ಯೇನೇ? ಜನ ನಿನ್ನ ಆರಿಸಿದ್ದು ನನ್ನ ಹೊರೋಕಾ?"

"ಮಾತಾಡ್ಬೇಡಪ್ಪ, ಹೊಟ್ಟೆ ಅಲ್ಲಾಡುತ್ತೆ."

ಅಪ್ಪನನ್ನು ಒಳಗೆ ಕರೆದೊಯ್ದು ಬಹಳ ಹೊತ್ತಾಗಿತ್ತು. ಆಪರೇಷನ್ ಥಿಯೇಟರಿನ ಹೊರಗಿನ ಗೋಡೆಯಲ್ಲಿ ಟಿವಿಯೊಂದು ಸದ್ದಿಲ್ಲದೆ ಓಡುತ್ತಿತ್ತು. ಸದನದ ನೇರ ಪ್ರಸಾರ. ಸದಸ್ಯರು ಆತುರಾತುರವಾಗಿ ಒಳಗೆ ನುಗ್ಗುತ್ತಿದ್ದರು. ವೋಟಿನ ಗಂಟೆ ಹೊಡೆದಿದೆ, ಅದು ನಿಂತ ಕೂಡಲೇ ಬಾಗಿಲು ಹಾಕುತ್ತಾರೆ ಎಂದು ಆಕೆಗೆ ಗೊತ್ತಾಯಿತು. ನೋಡೋಣ ಸಚಿವರ ಜಾಗ ಖಾಲಿಯಿತ್ತು. ಉಸಿರು ಬಿಟ್ಟಳು. ಅಷ್ಟರಲ್ಲೇ ಆ ಮನುಷ್ಯ ಬಾಗಿಲಲ್ಲಿ ಕಾಣಿಸಿಕೊಂಡು, ನೇರ ನಡೆದು, ತಮ್ಮ ಜಾಗಕ್ಕೆ ಬಂದು ಬಗ್ಗಿದರು.

"ಥೂ," ಎಂದಳು ಸಿಸ್ಟರ್ ಜೋರಾಗಿಯೇ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಸ್ವಲ್ಪ ಸರಿದು ಕೂತರು.

ಆಗಲೇ ಒಳಗಿನಿಂದ ಕರೆ ಬಂತು. ಡಾಕ್ಟರು ಮಾಸ್ಕು ಇಳಿಸಿ, ಕರುಳು ಬಿಡಿಸಿದ್ದೇವೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಅಪ್ಪ ಬದುಕಿದ. ಅದರ ಮುಂದೆ ಮಸೂದೆ ಹಾಳಾಗಿ ಹೋಗಲಿ ಎಂದು ಆ ಕ್ಷಣ ಆಕೆಗೆ ಅನ್ನಿಸಿದ್ದು ನಿಜ. ಆಯಾಳ ಮಗಳಿಗೆ ಏನು ಹೇಳಲಿ ಎಂಬ ಯೋಚನೆ ಅದರ ಹಿಂದೆಯೇ ಬಂತು.

ಫೋನು ಹೊಡೆದುಕೊಂಡಿತು. ಸಚೇತಕ ಕಿರುಚುತ್ತಿದ್ದ: "ಗೆದ್ವಿ ಕಣಮ್ಮ! ಒಂದೇ ವೋಟು!"

"ಅವರು ಒಳಗೆ ಬಂದಿದ್ದು ನೋಡಿದ್ನಲ್ಲ?"

"ಕನ್ನಡಕ ಮರೆತಿದ್ರಂತೆ ಮಾರಾಯ್ತಿ! ತಗೊಂಡು ವಾಪಸ್ ಹೊರಟ್ರು. ಅವರ ಸಚೇತಕ ಕೋಟು ಹಿಡಿದು ಎಳೆದ, ಗುಂಡಿ ಕಿತ್ತು ಅವನ ಕೈಗೇ ಬಂತು. ಇವರು ತಿರುಗಿ ನೋಡ್ಲಿಲ್ಲ. ಕ್ಯಾಂಟೀನಲ್ಲಿ ಕೂತು ಟೀಗೆ ಬಿಸ್ಕತ್ತು ಅದ್ದಿಕೊಂಡು ತಿಂದ್ರು."

ಸಿಸ್ಟರ್ ಬೆಂಚಿನ ಮೇಲೆ ಕೂತಳು. ಆ ಮನುಷ್ಯನನ್ನು ಒಂದೂವರೆ ವರ್ಷ ಬೈದಿದ್ದಳು, ಬೈದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಈಗ ಅದೇ ಮನುಷ್ಯನಿಗೆ ಕೈ ಮುಗಿಯಬೇಕು ಅನ್ನಿಸುತ್ತಿತ್ತು, ಅದೂ ಸುಳ್ಳಲ್ಲ.

ಎಚ್ಚರವಾದ ಅಪ್ಪ ಕಥೆ ಪೂರ್ತಿ ಕೇಳಿ, "ಆ ಕೋಟು ತಂದುಕೊಡು, ಗುಂಡಿ ನಾನು ಹಾಕ್ತೀನಿ," ಎಂದ.

"ಮುಂದಿನ ವಾರ ಅವರನ್ನೇ ನಿಲ್ಲಿಸಿ ಕೇಳ್ಬೇಕಪ್ಪ. ಹೇಗೆ ಕೇಳ್ಲಿ?"

"ಗುಂಡಿ ಬೇರೆ, ಪ್ರಶ್ನೆ ಬೇರೆ. ಎರಡನ್ನೂ ಸೇರಿಸಿ ಹೊಲೀಬೇಡ."

ಮಾರನೆಯ ದಿನ ಕೋಟು ಕೇಳಲು ಹೋದಾಗ ಸಚಿವರು ನಗಲಿಲ್ಲ. "ಜೋಡಿ ಅಂದ್ಮೇಲೆ ಜೋಡಿ. ಅದನ್ನೂ ಮುರಿದ್ರೆ ಆ ಸದನದಲ್ಲಿ ಕುರ್ಚಿ ಬಿಟ್ಟು ಇನ್ನೇನು ಉಳಿಯುತ್ತೆ? ಮಸೂದೆ ಮಾತ್ರ ನನಗೆ ಈಗಲೂ ಇಷ್ಟ ಇಲ್ಲ." ಕೋಟು ಕೈಗಿಟ್ಟು, "ಪ್ರಶ್ನೆ ಮೆತ್ತಗೆ ಮಾಡ್ಬೇಡಿ," ಎಂದರು. "ಮಾಡಿದ್ರೆ ನಾನು ಆವತ್ತು ವ್ಯಾಪಾರ ಕುದುರಿಸಿದೆ ಅಂತಾರೆ."

ಮುಂದಿನ ವಾರ ಆಯಾಳ ಮಗಳು ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದಳು. ಸಿಸ್ಟರ್ ಎದ್ದಳು.

"ನನ್ನ ಅಪ್ಪ ಆಪರೇಷನ್‌ಗೆ ಹೋಗುವಾಗ ನಾನು ಜೊತೆಗಿದ್ದೆ. ಅದು ಈ ಸಚಿವರಿಂದ. ಬದುಕಿರೋವರೆಗೂ ಮರೆಯಲ್ಲ." ಒಂದು ಗುಟುಕು ನೀರು ಕುಡಿದಳು. "ಈಗ ಪ್ರಶ್ನೆ. ಆ ಲಿಫ್ಟು ಯಾಕೆ ಬಿತ್ತು?"

ಸಚಿವರು ಎದ್ದರು. ಕೈಯಲ್ಲಿ ಕಾಗದವಿರಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡರು, ಹೊಸ ದಾರ ಸ್ವಲ್ಪ ಬಣ್ಣ ಬೇರೆ.

"ಹಗ್ಗ ಸವೆದಿದೆ, ಬದಲಾಯಿಸಬೇಕು ಅಂತ ಆಸ್ಪತ್ರೆಯವರು ಬಂದು ಹೇಳಿದ್ರು. ಆಮೇಲೆ ಇನ್ನೊಂದ್ಸಲ ಬಂದ್ರು. ಎರಡು ಸಲವೂ ನನ್ನ ಹತ್ರಾನೇ." ಪ್ರೇಕ್ಷಕರ ಸಾಲಿನ ಕಡೆ ತಲೆಯೆತ್ತಿದರು. "ಎರಡು ಸಲವೂ ನೋಡೋಣ ಅಂದೆ."

ಯಾರೂ ನಗಲಿಲ್ಲ. ಮೇಲಿನ ಸಾಲಿನಲ್ಲಿ ಆಯಾಳ ಮಗಳು ತಲೆಯಾಡಿಸಿದಳು, ಬಹಳ ದಿನದಿಂದ ಹುಡುಕುತ್ತಿದ್ದ ವಿಳಾಸ ಕೊನೆಗೂ ಸಿಕ್ಕವಳ ಹಾಗೆ.

ಸಿಸ್ಟರ್ ಕೂರಲಿಲ್ಲ. "ಎರಡನೇ ಪ್ರಶ್ನೆ ಇದೆ ಸರ್."

"ಕೇಳಿ ಸಿಸ್ಟರ್," ಎಂದರು ಸಚಿವರು. ಅವರೂ ಕೂರಲಿಲ್ಲ.