ಹಣ್ಣಿನಕ್ಕ ತಿಂದ ಕಲ್ಲಂಗಡಿ

ಮಾರುಕಟ್ಟೆಯಲ್ಲಿ ಗಾಡಿ ಇಟ್ಟು ಕಲ್ಲಂಗಡಿ ಮಾರುವ ಹಣ್ಣಿನಕ್ಕ ಮಾತಿನಲ್ಲಿ ಬಲು ಜೋರು. ಆದರೆ ತಾನು ಮಾರುವ ಹಣ್ಣಿನ ಒಂದು ಹೋಳನ್ನೂ ಬಾಯಿಗಿಡುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಗುಟುಕು ನೀರೂ ಇಲ್ಲ. ಯಾಕೆ ಅಂತೀರಾ? ಇಡೀ ಮಾರುಕಟ್ಟೆಯಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ! ಉರಿಮೂತ್ರ ಶುರುವಾಗಿ, "ಚೆನ್ನಾಗಿ ನೀರು ಕುಡಿಯಮ್ಮ" ಎಂದು ಡಾಕ್ಟರು ಗದರಿದ್ದೂ ಆಗಿತ್ತು.

ಒಂದು ದಿನ ಪಕ್ಕದ ಅಂಗಡಿಯ ಟೈಲರಮ್ಮ ಓಡಿ ಬಂದಳು.

"ಅಕ್ಕಾ, ಪುರಸಭೆಯವ್ರು ಇಲ್ಲಿ ಶೌಚಾಲಯ ಕಟ್ಟಿಸ್ತಾರಂತೆ. ನಾಳೆ ಸಭೆ, ಜನಾನೂ ಬಂದು ಹೇಳ್ಬಹುದು. ಆದ್ರೆ ಜಾಗ ಗುರುತು ಮಾಡಿರೋದು ಹಿಂದ್ಗಡೆ, ಲಾರಿ ನಿಲ್ಲೋ ಕಡೆ."

"ಗಂಡಸರ ಗುಂಪು ದಾಟ್ಕೊಂಡು ಅಲ್ಲಿಗೆ ಯಾರು ಹೋಗ್ತಾರೆ?"

"ಅದನ್ನೇ ಸಭೇಲಿ ಹೇಳು."

"ಅಯ್ಯೋ, ಹೋಗೇ! ನೀತಿ, ಕಾರ್ಯತಂತ್ರ ಅಂತ ಮಾತಾಡೋರ ಮುಂದೆ ನಂದೇನು?"

ಟೈಲರಮ್ಮ ನಕ್ಕಳು. "ಎಲ್ರಿಗೂ ಶೌಚಾಲಯ ಸಿಗ್ಬೇಕು ಅನ್ನೋದು ನೀತಿ. ಎಲ್ಲಿ, ಯಾವಾಗ, ಹೇಗೆ ಅನ್ನೋದು ಕಾರ್ಯತಂತ್ರ. ಈಗಿರೋದು ಬರೀ ಕರಡು, ಇನ್ನೂ ತಿದ್ದಬಹುದು. ಬಟ್ಟೆ ಕತ್ತರಿಸೋಕೆ ಮುಂಚೆ ಅಳತೆ ಕೊಡ್ಬೇಕಕ್ಕಾ. ಹೊಲಿದ್ಮೇಲೆ ಬಿಗಿ ಅಂತ ನನ್ನ ಬೈದ್ರೆ?"

"ನಮ್ಮ ಮಾತು ಯಾರು ಕೇಳ್ತಾರೆ?" ಎಂದು ಸಂಜೆ ಮನೆಯಲ್ಲಿ ಹಣ್ಣಿನಕ್ಕನ ಗಂಡ ರಾಗ ಎಳೆದ. ಆದರೂ ಮರುದಿನ ಗಾಡಿ ನೋಡಿಕೊಳ್ಳಲು ಅವನೇ ನಿಂತ.

ಸಭೆಯಲ್ಲಿ ಹಣ್ಣಿನಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಮೇಡಂ, ನಾನು ಕಲ್ಲಂಗಡಿ ಮಾರ್ತೀನಿ. ಒಂದು ಹೋಳೂ ತಿನ್ನಲ್ಲ. ತಿಂದ್ರೆ ಹೋಗೋದೆಲ್ಲಿಗೆ?"

ಸಭೆ ಗೊಳ್ಳೆಂದು ನಕ್ಕಿತು. ಪುರಸಭೆಯ ಅಧ್ಯಕ್ಷೆ ಮಾತ್ರ ನಗಲಿಲ್ಲ. "ಎಲ್ಲಿ ಕಟ್ಟಿದ್ರೆ ಅನುಕೂಲ? ಹೇಳಿ ಅಮ್ಮ."

"ಮುಂದ್ಗಡೆ, ನೀರಿನ ಟ್ಯಾಂಕ್ ಪಕ್ಕ. ಬಾಗಿಲು ನಮ್ಮ ಅಂಗಡಿ ಕಡೆಗಿರ್ಲಿ, ಲೈಟಿರ್ಲಿ. ಲಾರಿ ಹತ್ರ ಕಟ್ಟಿದ್ರೆ ಯಾರೂ ಹೋಗಲ್ಲ, ಅದಕ್ಕೆ ಬೀಗವೇ ಗತಿ."

"ಒಳಚರಂಡೀನೂ ಅಲ್ಲೇ ಹತ್ರ ಇದೆ" ಎಂದು ಎಂಜಿನಿಯರ್ ತಲೆದೂಗಿದರು. ಯೋಜನೆ ಬದಲಾಯಿತು. ಕಟ್ಟಡ ಏಳಲು ಸಮಯ ಹಿಡಿಯಿತು ನಿಜ. ಅಕ್ಕ ಮತ್ತು ಟೈಲರಮ್ಮ ಆಗಾಗ ಪುರಸಭೆಗೆ ಹೋಗಿ ವಿಚಾರಿಸುತ್ತಲೇ ಇದ್ದರು.

ಶೌಚಾಲಯದ ಬಾಗಿಲು ತೆರೆದ ದಿನ ಹಣ್ಣಿನಕ್ಕ ಗಾಡಿಯಲ್ಲಿದ್ದ ಅತಿ ದೊಡ್ಡ ಹಣ್ಣನ್ನು ಕೊಯ್ದಳು. ಗಿರಾಕಿಯೊಬ್ಬ ಬೆಲೆ ಕೇಳಿದ.

"ಇದು ಮಾರೋಕಲ್ಲಪ್ಪ, ನಂಗೆ!" ಎಂದು ಕಚ್ಚಿದಳು. ರಸ ಮೊಣಕೈವರೆಗೆ ಇಳಿಯಿತು. ಅವಳ ಖುಷಿ ನೋಡಬೇಕಿತ್ತು!

"ನಂಗೂ ಒಂದು ಹೋಳು ಕೊಡೇ" ಎಂದ ಗಂಡ.

"ರಾಗ ಎಳೆದೋರಿಗೆ ಕೊನೇಲಿ."

"ಆಯ್ತು ಮಾರಾಯ್ತಿ. ಮುಂದೆ ಬೀದಿದೀಪದ ಬಗ್ಗೆ ಪುರಸಭೇಲಿ ಸಭೆ ಇದ್ಯಂತಲ್ಲ, ಅಲ್ಲಿ ನಾನೇ ಎದ್ದು ಮಾತಾಡ್ತೀನಿ, ಸಾಕಾ?"

ಹೋಳು ಕೂಡಲೇ ಸಿಕ್ಕಿತು.

ಬಂಧುಗಳೇ, ನಿಮ್ಮೂರಿನ ಯೋಜನೆಯೂ ಕರಡಾಗಿದ್ದಾಗಲೇ ನೋಡಿ. ಸಭೆಗೆ ಹೋಗಿ, ಕೇಳಿ, ನಿಮ್ಮ ಕಷ್ಟ ಹೇಳಿ. ದೊಡ್ಡ ಮಾತು ಬೇಕಿಲ್ಲ, ನಿಮ್ಮ ಮಾತೇ ಸಾಕು. ನಿಮ್ಮ ಮಾರುಕಟ್ಟೆಯಲ್ಲೂ ನೀರು ಕುಡಿಯಲು ಹೆದರಿ ಕೂತ ಅಕ್ಕ ಒಬ್ಬಳಿರಬಹುದು. ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ.